ಹಾಡಿನ ಪುಟದಲ್ಲಿ ಒಂದು ಮಾತ್ರೆ ಜಾಸ್ತಿ

ಬಳ್ಳಾರಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ನಾನು ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. 13 ವರ್ಷ ಆಯಿತು. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪೋಸ್ಟರು, ಚುನಾವಣೆ ಬಂದರೆ ಕರಪತ್ರ. ಪತ್ರಿಕೆಯ ಪುಟ ಕಟ್ಟುವ ಕೆಲಸ ನಮ್ಮ ಕಡೆ ಬರುವುದೇ ಅಪರೂಪ. ಹಾಗಾಗಿ ಕಳೆದ ವರ್ಷ ಪತ್ರಿಕೋದ್ಯಮ ಓದುವ ಐದು ಮಕ್ಕಳು ಪೆನ್‌ಡ್ರೈವ್ ಹಿಡಿದು ಬಂದು, "ಅಕ್ಕಾ, ಪ್ರಾಜೆಕ್ಟಿಗೆ ಒಂದು ಸಂಗೀತದ ಪತ್ರಿಕೆ ಮಾಡಬೇಕು" ಅಂದಾಗ ಕೈಯಲ್ಲಿದ್ದ ಕಾರ್ಡಿನ ಕೆಲಸ ಬದಿಗಿಟ್ಟು ಕೂತೆ.

16 ಪುಟ, ಎ4 ಅಳತೆ, 60 ಪ್ರತಿ. ಬರಹ ಅವರದ್ದೇ ಇರಬೇಕು, ಫೋಟೊ ಅವರೇ ತೆಗೆದಿರಬೇಕು ಅಂತ ಮೇಷ್ಟ್ರು ಹೇಳಿದ್ದರಂತೆ. 60 ಪ್ರತಿಗೆ ಆಫ್‌ಸೆಟ್ ಅಚ್ಚಿನ ಪ್ಲೇಟ್ ಮಾಡಿಸಿದರೆ ಖರ್ಚು ಜಾಸ್ತಿ, ಡಿಜಿಟಲ್ ಪ್ರಿಂಟೇ ಸಾಕು ಅಂದೆ.

ಪೆನ್‌ಡ್ರೈವ್‌ನಲ್ಲಿ ಒಂದು ರೆಡಿ ಟೆಂಪ್ಲೇಟ್ ಇತ್ತು. ಇಂಟರ್ನೆಟ್‌ನಿಂದ ಇಳಿಸಿಕೊಂಡಿದ್ದು. ಕಪ್ಪು ಮುಖಪುಟ, ಗಿಟಾರ್ ಹಿಡಿದವನೊಬ್ಬ, ಸಣ್ಣ ಎಳೆಯ ಅಕ್ಷರಗಳು, ಒಂದೊಂದು ಪುಟಕ್ಕೆ ಮೂರು ಕಾಲಂ. ನೋಡಲು ಚೆಂದವೇ. ಅದರೊಳಗೆ ಕನ್ನಡ ಸುರಿದಿದ್ದರು, ಅಷ್ಟೇ. ಮೊದಲ ಸಾಲಿನಲ್ಲೇ 'ಕನ್ನಡ' ಹೋಗಿ 'ಕನ್‌ನಡ' ಆಗಿತ್ತು. ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಆಯ್ಕೆ ಆರಿಸದಿದ್ದರೆ ಒತ್ತು ಕೆಳಗೆ ಇಳಿಯುವುದಿಲ್ಲ, ಬಿಡಿಯಾಗಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದು ಎರಡು ಕ್ಲಿಕ್ಕಿನ ಕೆಲಸ. ಅದಾದ ಮೇಲೆ ಉಳಿದದ್ದು ದೊಡ್ಡದು.

ಸಂಗೀತದ ಪತ್ರಿಕೆ ಅಂದಮೇಲೆ 'ಶಾಸ್ತ್ರೀಯ' ಅನ್ನೋ ಪದ ಪುಟಕ್ಕೆ ನಾಲ್ಕು ಸಲ ಬರುತ್ತದೆ ಅಲ್ವಾ? ಅದರಲ್ಲಿ ಸ ಕೆಳಗೆ ತ, ಅದಕ್ಕೆ ಅಂಟಿಕೊಂಡು ರ. ಎರಡು ಒತ್ತು. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಟೆಂಪ್ಲೇಟಿನಲ್ಲಿ ಅಕ್ಷರ 10 ಪಾಯಿಂಟ್, ಸಾಲಿಂದ ಸಾಲಿಗೆ 12. ಅಲ್ಲಿ 'ಸ್ತ್ರೀ'ಯ ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತಿತ್ತು. ಮಕ್ಕಳನ್ನು ಸ್ಕ್ರೀನಿನ ಹತ್ತಿರ ಕರೆದು 400 ಪರ್ಸೆಂಟ್ ದೊಡ್ಡದು ಮಾಡಿ ತೋರಿಸಿದೆ. ಎರಡು ಸಾಲು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು. 11 ಪಾಯಿಂಟ್ ಅಕ್ಷರಕ್ಕೆ 16ರ ಅಂತರ ಕೊಟ್ಟ ಮೇಲೆ ಪುಟ ಉಸಿರಾಡಿತು. ಆದರೆ ಬರಹ ಮೂರು ಪುಟ ಬೆಳೆಯಿತು. ಅದನ್ನು ಕತ್ತರಿಸಲು ಅವರು ಒಂದು ವಾರ ಒದ್ದಾಡಿದರು.

ಕಾಲಮ್ಮಿಗೂ ಅದೇ ಕಥೆ. ಎ4 ಅಗಲ 210 ಮಿಲಿಮೀಟರ್. ಎರಡು ಬದಿ 15 ಬಿಟ್ಟು ಮೂರು ಕಾಲಂ ಮಾಡಿದರೆ ಒಂದೊಂದಕ್ಕೆ 56ರ ಆಸುಪಾಸು ಸಿಗುತ್ತದೆ. ನಮ್ಮ ಪದಗಳು ಉದ್ದ. 'ಹಾಡಿಕೊಂಡುಬಂದಿರುವವರು' ಅಂತ ಒಂದೇ ಪದ ಬಂದರೆ ಅರ್ಧ ಸಾಲು ಮುಗಿಯಿತು, ಪಕ್ಕದಲ್ಲಿ ಬಿಳಿ ಹೊಂಡ. ಎರಡು ಕಾಲಮ್ಮಿಗೆ ಇಳಿಸಿ, ಬಲಗಡೆ ಅಂಚು ಸಮ ಮಾಡದೆ ಹಾಗೇ ಬಿಟ್ಟೆವು. ಇನ್ನೊಂದು ಮಾತು: ಇಂಗ್ಲಿಷಿನಲ್ಲಿ ಶೀರ್ಷಿಕೆ ಎದ್ದು ಕಾಣಬೇಕೆಂದರೆ ಕ್ಯಾಪಿಟಲ್ ಅಕ್ಷರ ಇದೆ. ನಮ್ಮಲ್ಲಿ ಇಲ್ಲ. ಗಾತ್ರ, ದಪ್ಪ, ಸುತ್ತ ಬಿಡುವ ಜಾಗ, ಇಷ್ಟರಲ್ಲೇ ಎಲ್ಲ ಹೇಳಬೇಕು.

ಅವರ ಕಣ್ಣಲ್ಲಿದ್ದದ್ದು ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್. ತಪ್ಪೇನಿಲ್ಲ, ಒಳ್ಳೆ ಮಾದರಿಯೇ. ಆದರೆ ಅದು 1967ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ನುಣುಪು ಕಾಗದದ್ದಲ್ಲ, ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಪತ್ರಿಕೆ. ಮೊದಲ ಸಂಚಿಕೆಯ ಮುಖಪುಟದಲ್ಲಿ ಜಾನ್ ಲೆನನ್ ಇದ್ದ. ತಮಗೆ ಕೈಗೆಟುಕುವ ಕಾಗದ, ತಮ್ಮ ಓದುಗರು ಕೇಳುವ ಹಾಡು. ನಮ್ಮದೂ ಅಲ್ಲಿಂದಲೇ ಶುರುವಾಗಲಿ ಅಂದೆ.

ಗಿಟಾರ್ ಹೋಯಿತು. ಪತ್ರಿಕೆಗೆ 'ಏಕತಾರಿ' ಅಂತ ಹೆಸರಿಟ್ಟರು. ನಾಲ್ಕೇ ಅಕ್ಷರ, ಒಂದೂ ಒತ್ತಿಲ್ಲ. ಮೇಲೆ ಕೆಳಗೆ ಎಲ್ಲೂ ಚಾಚದೆ ಪುಟದಗಲಕ್ಕೂ ಕೂತಿತು. ಒಳಗೆ ಏನೇನಿತ್ತು ಗೊತ್ತಾ? 2020ರಲ್ಲಿ ತೀರಿಹೋದ ನಮ್ಮ ಸುಭದ್ರಮ್ಮ ಮನ್ಸೂರರ ರಂಗಗೀತೆಗಳ ಬಗ್ಗೆ ಎರಡು ಪುಟ. ಕಲ್ಲುಕಂಬದ ಮಂಜಮ್ಮ ಜೋಗತಿ ಮತ್ತು ಜೋಗತಿಯರ ತಂತಿವಾದ್ಯ ಚೌಡಿಕೆ. ರಾಯಚೂರಿನಿಂದ ಬರುವ ಹುಡುಗಿಯೊಬ್ಬಳು ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಬಗ್ಗೆ ಬರೆದಳು. ಅವರ ಹೆಸರಿನ ರಂಗಮಂದಿರ ಅವಳ ಊರಲ್ಲೇ ಇದೆ. ಕೌಲ್‌ ಬಜಾರಿನ ಒಬ್ಬ ರ‍್ಯಾಪ್ ಹುಡುಗನೂ ಬಂದ. ಅವನ ಪುಟಕ್ಕೆ ಮಾತ್ರ ಅವರ ಕಪ್ಪು ಬಣ್ಣ ಹಾಗೇ ಉಳಿಸಿದೆ, ಅಲ್ಲಿ ಅದು ಒಪ್ಪುತ್ತಿತ್ತು.

ಕಂಪ್ಯೂಟರ್ ಮುಟ್ಟುವ ಮೊದಲು ನಾಲ್ಕು ಹಾಳೆ ಮಡಚಿ ಡಮ್ಮಿ ಮಾಡಿಸಿದ್ದೆ. ಸೆಂಟರ್ ಪಿನ್ ಹೊಡೆಯುವ 16 ಪುಟದ ಪತ್ರಿಕೆಯಲ್ಲಿ 1ನೇ ಪುಟದ ಜೊತೆ 16, 2ರ ಜೊತೆ 15, ಹೀಗೆ ಒಂದೇ ಹಾಳೆಯಲ್ಲಿ ಬರುತ್ತವೆ. ಕೂಡಿದರೆ ಯಾವಾಗಲೂ 17. ಪಕ್ಕಪಕ್ಕದ ಎರಡು ಪುಟ ಒಂದೇ ಹಾಳೆಯಲ್ಲಿ ಬರುವುದು ನಟ್ಟನಡುವೆ ಮಾತ್ರ, 8 ಮತ್ತು 9. ಅವರು 6-7ಕ್ಕೆ ಹರಡಿ ಇಟ್ಟಿದ್ದ ದೊಡ್ಡ ಫೋಟೊದಲ್ಲಿ ಮಡಿಕೆ ಸರಿಯಾಗಿ ಮೂಗಿನ ಮೇಲೆ ಬರುತ್ತಿತ್ತು, ಮುಖದ ಎರಡು ಭಾಗ ಬೇರೆ ಬೇರೆ ಹಾಳೆಗೆ ಹೋಗುತ್ತಿದ್ದವು. ಡಮ್ಮಿ ಕೈಗೆ ಬಂದಾಗ ತಾವೇ ನೋಡಿ ನಡುವಿಗೆ ತಂದರು. ಫೋಟೊ ವಾಟ್ಸಾಪ್‌ನಲ್ಲಿ ಕುಗ್ಗಿ ಬಂದಿತ್ತು, ಉದ್ದದ ಬದಿ 1600 ಪಿಕ್ಸೆಲ್. ಎ4 ಅಗಲ ತುಂಬಲು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, 2480 ಬೇಕು. ಡಾಕ್ಯುಮೆಂಟ್ ಮಾಡಿ ಮತ್ತೆ ಕಳಿಸಿ ಅಂದೆ, ಸರಿಹೋಯಿತು.

ಆ ಫೋಟೊ ಸಿರುಗುಪ್ಪ ಕಡೆಯ ಒಬ್ಬ ಅಜ್ಜಿಯದು. ತತ್ವಪದ ಹಾಡುತ್ತಾರೆ. 8ನೇ ಪುಟದಿಂದ 9ರ ಕಾಲುಭಾಗದವರೆಗೆ ಅವರ ಮುಖ, ಉಳಿದ ಜಾಗದಲ್ಲಿ ಅವರು ಹಾಡುವ ಒಂದು ಪದ. ಹುಡುಗರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಕೊಂಡು ಟೈಪ್ ಮಾಡಿದ್ದರು.

ತಪ್ಪು ಮಾಡಿದ್ದು ನಾನು. ಪ್ರೂಫ್ ನೋಡುವುದು ನನ್ನ ಕೆಲಸ. 13 ವರ್ಷದ ರೂಢಿ, ಕಣ್ಣಿಗೆ ಬಿದ್ದದ್ದನ್ನು ಕೈ ತಾನಾಗಿ ತಿದ್ದುತ್ತದೆ. 'ಒಳಗ' ಇದ್ದದ್ದನ್ನು 'ಒಳಗೆ' ಮಾಡಿದೆ. 'ಅದಾನ' ಇದ್ದದ್ದನ್ನು 'ಇದ್ದಾನೆ' ಮಾಡಿದೆ. ಜಾಗ ಸಾಲದೆ ಪ್ರತಿ ನುಡಿಯ ಕೊನೆಗೆ ಮರಳಿ ಬರುವ ಪಲ್ಲವಿಯನ್ನೂ ತೆಗೆದೆ. ಯಾರನ್ನೂ ಕೇಳಲಿಲ್ಲ. ಸ್ವಚ್ಛ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಅಜ್ಜಿಯ ಮಗಳು ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುತ್ತಾರೆ. ಮಗಳ ಮನೆಗೆ ಬಂದಿದ್ದ ಅಜ್ಜಿಯನ್ನು ಮಕ್ಕಳು ಒಂದು ಮಧ್ಯಾಹ್ನ ಪ್ರೆಸ್ಸಿಗೆ ಕರೆತಂದರು. ಅವರಿಗೆ ಓದಲು ಬರುವುದಿಲ್ಲ. ಪ್ರೂಫ್ ಹಾಳೆ ಹಿಡಿದು ಒಬ್ಬ ಹುಡುಗಿ ಗಟ್ಟಿಯಾಗಿ ಓದಿದಳು. ಅಜ್ಜಿ ಕಣ್ಣು ಮುಚ್ಚಿ, ಮೇಜಿನ ಅಂಚಿಗೆ ಬೆರಳಿನಿಂದ ತಾಳ ಹಾಕುತ್ತಾ ಕೇಳುತ್ತಿದ್ದರು. ಮೂರನೇ ಸಾಲಿಗೆ ಬೆರಳು ನಿಂತಿತು.

"ಏನಂದಿ?"

ಹುಡುಗಿ ಮತ್ತೆ ಓದಿದಳು.

"ಇದ್ದಾನೆ ಅಂದ್ರ ತಾಳ ಜಗ್ಗತೈತಮ್ಮ. ಅದಾನ ಅನ್ನು."

ನಾನು ಲೆಕ್ಕ ಹಾಕಿದೆ. ಅ-ದಾ-ನ: ಒಂದು, ಎರಡು, ಒಂದು. ನಾಲ್ಕು ಮಾತ್ರೆ. ಇದ್-ದಾ-ನೆ: ಎರಡು, ಎರಡು, ಒಂದು. ಐದು. ಹೈಸ್ಕೂಲಿನಲ್ಲಿ ಛಂದಸ್ಸು ಓದಿದವಳು ನಾನು, ಆದರೂ ಅದು ಕಾಣಿಸಲಿಲ್ಲ. ಅವರ ಬೆರಳಿಗೆ ಗೊತ್ತಾಯಿತು.

"ಅಮ್ಮಾ, ನಾನೇ ತಿದ್ದಿದ್ದು, ತಪ್ಪಾಯ್ತು" ಅಂದೆ. ಅವರು ಬೈಯಲಿಲ್ಲ. "ಮೊದಲಿಂದ ಓದಿಸು" ಅಂದರು.

ಅವತ್ತು ಎರಡೂವರೆ ತಾಸು ಕೂತೆವು. ರೆಕಾರ್ಡಿಂಗ್ ಹಾಕುವುದು, ನಿಲ್ಲಿಸುವುದು, ಸಾಲು ನೋಡುವುದು. 23 ಕಡೆ ನಾನು ಕೈಯಾಡಿಸಿದ್ದೆ. ಅದರಲ್ಲಿ ಎರಡು ಮಾತ್ರ ನಿಜವಾದ ಟೈಪಿಂಗ್ ತಪ್ಪು, ಉಳಿದ 21 ಹಾಡಿನವೇ ಮಾತು. ಎಲ್ಲ ವಾಪಸ್ ಬಂದವು. ಸಾಲು ಎಲ್ಲಿ ಮುರಿಯಬೇಕು ಅನ್ನುವುದೂ ಬದಲಾಯಿತು. ನಾನು ಕಾಲಮ್ಮಿನ ಅಗಲ ನೋಡಿ ಮುರಿದಿದ್ದೆ. ಅವರು ಉಸಿರು ತೆಗೆದುಕೊಳ್ಳುವ ಕಡೆ ಮುರಿದರೆ ಸಾಲು ಉದ್ದ ಆಗುತ್ತದೆ. ಆಗಲಿ ಅಂತ ಫೋಟೊ ಪೂರ್ತಿ 8ನೇ ಪುಟಕ್ಕೆ ಸರಿಸಿ, 9ನೇ ಪುಟದಲ್ಲಿ ಒಂದೇ ಕಾಲಂ ಇಟ್ಟೆವು. ಪಲ್ಲವಿಯ ಮೊದಲ ಎರಡು ಪದ ಪ್ರತಿ ನುಡಿಯ ಕೆಳಗೆ ಸ್ವಲ್ಪ ಒಳಗೆ ಸರಿದು ಬಂದು ಕೂತವು. ಫೋಟೊದ ಮೇಲೆ ಮಕ್ಕಳು ಆಸೆಯಿಂದ ಬರೆದಿದ್ದ ದೊಡ್ಡ ಶೀರ್ಷಿಕೆಗೆ ಜಾಗ ಉಳಿಯಲಿಲ್ಲ. ಅವರೇ ತೆಗೆಯಿರಿ ಅಂದರು.

ಆ ಪುಟ ನಾನು ಮಾಡಿದ ಎಲ್ಲ ಪುಟಗಳಲ್ಲಿ ನನಗೆ ಅತಿ ಇಷ್ಟದ್ದು. ಅಲಂಕಾರ ಏನೂ ಇಲ್ಲ. ಓದಿದರೆ ಮಾತ್ರ ತಲೆ ತಾನಾಗಿ ಆಡುತ್ತದೆ.

ಈಗ ಹಾಡು, ಲಾವಣಿ, ಭಜನೆ ಪುಸ್ತಕ ಏನೇ ಕೆಲಸ ಬರಲಿ, ಟೈಪ್ ಮಾಡಿದ ಫೈಲಿನ ಜೊತೆ ರೆಕಾರ್ಡಿಂಗ್ ಕೇಳುತ್ತೇನೆ. ಅನುಮಾನ ಬಂದ ಕಡೆ ತಿದ್ದುವುದಿಲ್ಲ, ಪೆನ್ಸಿಲಿನಿಂದ ಸುತ್ತು ಹಾಕಿ ಹಾಡುವವರಿಗೇ ಬಿಡುತ್ತೇನೆ. ಜೂನಿಯರ್ ಹುಡುಗನಿಗೂ ಹಾಗೇ ಹೇಳಿಕೊಟ್ಟಿದ್ದೇನೆ.

ಈ ವರ್ಷ ಬೇರೆ ಬ್ಯಾಚು ಬಂದಿದೆ. ಮುದಗಲ್ ಮೊಹರಂಗೆ ಹೋಗಿ ಆ ಹಬ್ಬದಲ್ಲಿ ಹಾಡುವ ಅಲಾಯಿ ಪದ ರೆಕಾರ್ಡ್ ಮಾಡಿಕೊಂಡು ಬಂದಿದ್ದಾರೆ. ಟೆಂಪ್ಲೇಟ್ ತಂದಿಲ್ಲ, ನಾಲ್ಕು ಹಾಳೆ ಮಡಚಿದ ಡಮ್ಮಿ ತಂದಿದ್ದಾರೆ. ಹಾಡಿದವರಲ್ಲಿ ಇಬ್ಬರು ಭಾನುವಾರ ಬಳ್ಳಾರಿಗೆ ಬರುತ್ತೇವೆ ಅಂದಿದ್ದಾರಂತೆ. ಅವತ್ತು ಪ್ರೆಸ್ಸಿಗೆ ರಜಾ. ಬೀಗದ ಕೈ ನಾನು ಇಸ್ಕೊಂಡಿದ್ದೇನೆ.