ನಿಂತು ಕುಡಿದ ಕಾಫಿ

ಫೆಬ್ರವರಿ 1ರ ಬೆಳಿಗ್ಗೆ. ಹಿಮ ಬಿದ್ದಿರಲಿಲ್ಲ, ಆದರೆ ಚಳಿ ಕಿವಿ ಕಚ್ಚುತ್ತಿತ್ತು. ಸ್ವೆಟರ್ ಮೇಲೆ ಜಾಕೆಟ್, ಅದರ ಮೇಲೆ ಅಮ್ಮ ಕೊಟ್ಟ ಶಾಲು ಹೊದ್ದು ನಾನು ಕ್ಯಾಂಪಸ್ಸಿನ ಡಡ್ಲಿ ಕಟ್ಟಡದ ಮುಂದೆ ನಿಂತಿದ್ದೆ. ನಾರ್ತ್ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೋ ಊರಿನ ಎ ಅಂಡ್ ಟಿ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬಂದು ಆರು ತಿಂಗಳಾಗಿತ್ತು. ಅಷ್ಟು ದಿನವೂ ಆ ಜಾಗವನ್ನು ದಾಟಿಕೊಂಡೇ ಲ್ಯಾಬಿಗೆ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಜನ ಹುಡುಗರ ದೊಡ್ಡ ಕಂಚಿನ ಪ್ರತಿಮೆ ಇದೆ. ನಾಲ್ವರೂ ಕೋಟು ಹಾಕಿಕೊಂಡು ಅಕ್ಕಪಕ್ಕ ನಡೆದು ಬರುತ್ತಿದ್ದಾರೆ. ಯಾರೋ ದೊಡ್ಡವರಿರಬೇಕು ಅಂದುಕೊಂಡು ಸುಮ್ನೆ ಮುಂದೆ ಹೋಗಿಬಿಡುತ್ತಿದ್ದೆ.

ಹಿಂದಿನ ದಿನ ನನ್ನ ಲ್ಯಾಬಿನ ಗೆಳತಿ ಹೇಳಿದ್ದಳು, "ನಾಳೆ ಬೇಗ ಎದ್ದು ಬಾ. ನಮಗೆ ಅದು ಹಬ್ಬ ಇದ್ದ ಹಾಗೆ." ಅವಳ ಮನೆಯಲ್ಲಿ ಮೂರು ತಲೆಮಾರು ಇದೇ ಕಾಲೇಜಿನಲ್ಲಿ ಓದಿದೆ. ಹಬ್ಬ ಅಂದಳಲ್ಲ, ಹೋದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಮೂರು ಜನ ನನಗೆ ಬುದ್ಧಿ ಹೇಳಿದ್ದರು. "ಅದು ಕರಿಯರ ಕಾಲೇಜು, ಹುಷಾರು. ಸಂಜೆ ಮೇಲೆ ಹೊರಗೆ ಹೋಗಬೇಡ." ಹೇಳಿದವರೆಲ್ಲ ನಮ್ಮವರೇ. ನಾನೂ ಆ ಮಾತನ್ನು ನಂಬಿದ್ದೆ. ಮೊದಲ ಎರಡು ತಿಂಗಳು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮುಖ ನೋಡಲೂ ಹೆದರುತ್ತಿದ್ದೆ. ಬಣ್ಣ, ಜಾತಿ, ಕೇರಿ ನೋಡಿ ದೂರ ಕೂರುವವರನ್ನು ಚಿಕ್ಕಂದಿನಿಂದ ನೋಡಿ ಬೆಳೆದವಳು ನಾನು. ಅದೇ ಕೆಲಸವನ್ನು ನಾನೇ ಮಾಡಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ.

ಆ ಕಾಲೇಜು ಹುಟ್ಟಿದ್ದು 1891ರಲ್ಲಿ. ಹಿಂದಿನ ವರ್ಷ ಅಮೆರಿಕ ಸರ್ಕಾರ ಒಂದು ಕಾನೂನು ಮಾಡಿತ್ತು. ಸರ್ಕಾರದ ಹಣದಲ್ಲಿ ನಡೆಯುವ ಕೃಷಿ ಕಾಲೇಜುಗಳಿಗೆ ಕಪ್ಪು ಜನರನ್ನೂ ಸೇರಿಸಿಕೊಳ್ಳಿ, ಇಲ್ಲವಾದರೆ ಅವರಿಗೇ ಬೇರೆ ಕಾಲೇಜು ಕಟ್ಟಿಕೊಡಿ ಅಂತ. ನಾರ್ತ್ ಕೆರೊಲಿನಾ ಬೇರೆ ಕಾಲೇಜು ಕಟ್ಟಿತು. ಹೊರಗಿಡಲು ಕಟ್ಟಿದ ಮನೆ ಅದು. ಅದನ್ನೇ ಆ ಜನ ತಮ್ಮ ಹೆಮ್ಮೆಯ ಮನೆ ಮಾಡಿಕೊಂಡರು. ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ ಭೌತಶಾಸ್ತ್ರ ಓದಿದ್ದು ಇಲ್ಲೇ. 1986ರಲ್ಲಿ ಚಾಲೆಂಜರ್ ನೌಕೆ ಆಕಾಶದಲ್ಲಿ ಒಡೆದಾಗ ತೀರಿಕೊಂಡ ಏಳು ಜನರಲ್ಲಿ ಅವರೂ ಒಬ್ಬರು. ನನ್ನ ಕ್ಲಾಸು ನಡೆಯುತ್ತಿದ್ದ ಕಟ್ಟಡಕ್ಕೆ ಅವರದೇ ಹೆಸರು.

ಆ ಬೆಳಿಗ್ಗೆ ಪ್ರತಿಮೆಯ ಸುತ್ತ ನೂರಾರು ಜನ ಸೇರಿದ್ದರು. ನೀಲಿ, ಹಳದಿ ಬಣ್ಣದ ಟೋಪಿ, ಮಫ್ಲರ್. ಗಾಲಿ ಕುರ್ಚಿಯಲ್ಲಿ ಬಂದ ಅಜ್ಜಂದಿರು, ಹೆಗಲ ಮೇಲೆ ಕೂತ ಮಕ್ಕಳು. ಯಾರೋ ಒಬ್ಬರು ಜೋರಾಗಿ "ಆಗೀ!" ಅಂದರು. ಉಳಿದವರೆಲ್ಲ ಒಂದೇ ದನಿಯಲ್ಲಿ "ಪ್ರೈಡ್!" ಅಂದರು. ಆಗೀ ಅಂದರೆ ಈ ಕಾಲೇಜಿನವರು ತಮ್ಮನ್ನು ಕರೆದುಕೊಳ್ಳುವ ಹೆಸರು, ಪ್ರೈಡ್ ಅಂದರೆ ಹೆಮ್ಮೆ. ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯುವಾಗ ಒಬ್ಬ ಕೂಗಿದರೆ ಎಲ್ಲರೂ ಓಗೊಡುತ್ತಾರಲ್ಲ, ಹಾಗೆ. ಎದೆಯೊಳಗೆ ಏನೋ ಕುಣಿಯಿತು. ಪ್ರತಿಮೆಯ ಮುಂದೆ ಹೂವಿನ ಚಕ್ರ ಇಟ್ಟರು. ಆಮೇಲೆ ನಾಲ್ಕು ಹೆಸರು ಓದಿದರು. ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಎಜೆಲ್ ಬ್ಲೇರ್, ಜೋಸೆಫ್ ಮೆಕ್‌ನೀಲ್.

ಕತೆ ನನಗೆ ಸರಿಯಾಗಿ ತಿಳಿದಿದ್ದು ತಿಂಡಿಯ ಮೇಜಿನಲ್ಲಿ. ನಾನು ಎಲ್ಲಿ ಕೂರಲಿ ಅಂತ ತಟ್ಟೆ ಹಿಡಿದು ನೋಡುತ್ತಿದ್ದೆ. ಒಬ್ಬ ಅಜ್ಜಿ ಪಕ್ಕದ ಕುರ್ಚಿ ಎಳೆದು, "ಬಾ ಮಗಳೇ, ಇಲ್ಲಿ ಕೂತ್ಕೋ" ಅಂದರು. ನೀಲಿ ಟೋಪಿ, ಬಿಳಿ ಕೂದಲು, ಬೆರಳಿಗೆ ಕಾಲೇಜಿನ ಉಂಗುರ. 1960ರಲ್ಲಿ ಅವರು ಇದೇ ಊರಿನಲ್ಲಿ ಹೈಸ್ಕೂಲು ಓದುತ್ತಿದ್ದರಂತೆ.

"ಅವತ್ತೂ ಫೆಬ್ರವರಿ 1, ಸೋಮವಾರ," ಅಂತ ಶುರು ಮಾಡಿದರು. ಅರವತ್ತು ವರ್ಷದ ಹಿಂದಿನ ವಾರ ನೆನಪಿಟ್ಟುಕೊಂಡು ಹೇಳುವುದು ನೋಡಿ ನಾನು ಕಾಫಿ ಕೆಳಗಿಟ್ಟೆ.

ಆ ನಾಲ್ವರೂ ಮೊದಲ ವರ್ಷದ ಹುಡುಗರು. ಯಾರಿಗೂ ಇಪ್ಪತ್ತು ತುಂಬಿರಲಿಲ್ಲ. ದಿನಾ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಮಾತಾಡುತ್ತಿದ್ದರು. ನಮ್ಮ ಹಾಸ್ಟೆಲುಗಳಲ್ಲಿ ಮಾತಾಡುತ್ತೇವಲ್ಲ, ಹಾಗೇ. ಮೆಕ್‌ನೀಲ್ ಕ್ರಿಸ್‌ಮಸ್ ರಜೆ ಮುಗಿಸಿ ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ತಿನ್ನಲು ಕೇಳಿದರೆ ಕೊಡಲಿಲ್ಲ. ಹಸಿದುಕೊಂಡೇ ಹಾಸ್ಟೆಲಿಗೆ ಬಂದ. ಎಷ್ಟು ದಿನ ಮಾತಾಡುವುದು, ಏನಾದರೂ ಮಾಡೋಣ ಅನ್ನಿಸಿದ್ದು ಆಗ.

ಪೇಟೆಯ ಸೌತ್ ಎಲ್ಮ್ ಬೀದಿಯಲ್ಲಿ ವುಲ್ವರ್ತ್ ಅಂಗಡಿ. ಪೇಸ್ಟಿನಿಂದ ಪುಸ್ತಕದವರೆಗೆ ಎಲ್ಲ ಸಿಗುತ್ತಿತ್ತು. ಕಪ್ಪು ಜನರ ದುಡ್ಡು ಅಂಗಡಿಗೆ ಆಗುತ್ತಿತ್ತು. ಆದರೆ ಒಳಗೆ ಊಟ, ತಿಂಡಿಯ ಉದ್ದನೆಯ ಕೌಂಟರ್ ಇತ್ತಲ್ಲ, ಅಲ್ಲಿನ ಸ್ಟೂಲಿನ ಮೇಲೆ ಬಿಳಿಯರು ಮಾತ್ರ ಕೂರಬೇಕು. ಕಪ್ಪು ಜನ ಬೇಕಾದರೆ ಬೇರೆ ಕಡೆ ನಿಂತುಕೊಂಡು ತಿನ್ನಬಹುದು.

"ನಿಂತುಕೊಂಡು" ಅನ್ನುವಾಗ ಅಜ್ಜಿ ಮೇಜನ್ನು ಒಂದು ಸಲ ತಟ್ಟಿದರು.

ನನಗೆ ತಟ್ಟನೆ ಅಪ್ಪ ನೆನಪಾದರು. ಯಾಕೆ ಅಂತ ಆಗ ಹೊಳೆಯಲಿಲ್ಲ. ಅಪ್ಪ ನಮ್ಮ ಸಕಲೇಶಪುರದ ಕಡೆ ಶಾಲಾ ಮೇಷ್ಟ್ರು. ಹೋಟೆಲಿಗೆ ಹೋದರೆ ನಮ್ಮನ್ನೆಲ್ಲ ಕೂರಿಸಿ, ತಾವು ಮಾತ್ರ ಬಾಗಿಲ ಹತ್ತಿರ ನಿಂತು ಕಾಫಿ ಕುಡಿಯುತ್ತಾರೆ. ಕೇಳಿದರೆ "ಬಸ್ಸು ಬಂದ್ಬಿಡುತ್ತೆ" ಅನ್ನುತ್ತಾರೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುತ್ತದೆ.

ಸಂಜೆ ನಾಲ್ಕೂವರೆ ಹೊತ್ತಿಗೆ ಹುಡುಗರು ಅಂಗಡಿಗೆ ಹೋದರು. ಮೊದಲು ಪೇಸ್ಟು, ಅದು ಇದು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಹೋಗಿ ಸ್ಟೂಲಿನ ಮೇಲೆ ಕೂತು ಕಾಫಿ ಕೇಳಿದರು. ಕೊಡುವುದಿಲ್ಲ ಅಂದರು. "ಆ ಕೌಂಟರಿನಲ್ಲಿ ನಮ್ಮ ದುಡ್ಡು ತಗೊಂಡ್ರಲ್ಲ, ಈ ಕೌಂಟರಿನಲ್ಲಿ ಯಾಕೆ ಇಲ್ಲ?" ಅಂತ ರಸೀದಿ ತೋರಿಸಿದರು. ಅಂಗಡಿ ಮುಚ್ಚುವವರೆಗೂ ಎದ್ದೇಳಲಿಲ್ಲ. ಆವತ್ತು ಒಬ್ಬ ಬಿಳಿಯ ಮುದುಕಿ ಎದ್ದು ಅವರ ಹತ್ತಿರ ಬಂದಳಂತೆ. ಬೈಯುತ್ತಾಳೆ ಅಂತ ಮೆಕೇನ್ ಅಂದುಕೊಂಡ. ಅವಳು ಹೆಗಲ ಮೇಲೆ ಕೈಯಿಟ್ಟು, ನಿಮ್ಮನ್ನು ನೋಡಿ ಹೆಮ್ಮೆ ಆಗುತ್ತಿದೆ, ಹತ್ತು ವರ್ಷ ಮೊದಲೇ ಇದನ್ನು ಮಾಡಬೇಕಿತ್ತು ಅಂದಳಂತೆ. ಮನುಷ್ಯರ ಬಗ್ಗೆ ಮೊದಲೇ ತೀರ್ಮಾನ ಮಾಡಬಾರದು ಅಂತ ಆವತ್ತು ಕಲಿತೆ ಎಂದು ಮೆಕೇನ್ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಬಸ್ಸಿನಲ್ಲಿ ಮುಖ ನೋಡದೆ ಕೂತಿದ್ದ ನನಗೂ ಆ ಮಾತು ತಾಕಿತು.

ಮಾರನೇ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಮೂರನೇ ದಿನ ಅರವತ್ತು ದಾಟಿತು. ನಾಲ್ಕನೇ ದಿನ ಮುನ್ನೂರು. ಸ್ಟೂಲಿನ ಮೇಲೆ ಪುಸ್ತಕ ತೆರೆದಿಟ್ಟು ಹೋಂವರ್ಕ್ ಮಾಡುತ್ತಾ ಕೂತರು. ಬಿಳಿಯರು ಬೈದರು, ಉಗಿದರು. ಇವರು ತಿರುಗಿ ಕೈ ಎತ್ತಲಿಲ್ಲ. ಎರಡೇ ತಿಂಗಳಲ್ಲಿ ದಕ್ಷಿಣದ ಎಷ್ಟೋ ಊರುಗಳ ಕೌಂಟರುಗಳಲ್ಲಿ ವಿದ್ಯಾರ್ಥಿಗಳು ಹೀಗೇ ಕೂತರು.

"ನಾಲ್ಕು ಹುಡುಗರ ಹೆಸರು ಎಲ್ಲರಿಗೂ ಗೊತ್ತು," ಅಂದರು ಅಜ್ಜಿ. "ಬೆನೆಟ್ ಹುಡುಗಿಯರ ಹೆಸರು ಯಾರು ಹೇಳ್ತಾರೆ?" ಬೆನೆಟ್ ಅಲ್ಲೇ ಹತ್ತಿರದ ಹೆಣ್ಣುಮಕ್ಕಳ ಕಾಲೇಜು. ಎರಡನೇ ದಿನದಿಂದಲೇ ಅಲ್ಲಿನ ಹುಡುಗಿಯರು ಸ್ಟೂಲಿನ ಮೇಲಿದ್ದರು. ಅವರ ಕಾಲೇಜಿನ ಅಧ್ಯಕ್ಷೆ ವಿಲ್ಲಾ ಪ್ಲೇಯರ್ ತಡೆಯಲಿಲ್ಲ, ಬೆನ್ನಿಗೆ ನಿಂತರು. ಬೇಸಿಗೆ ರಜೆಗೆ ಕಾಲೇಜಿನವರು ಊರಿಗೆ ಹೋದಾಗ ಕೌಂಟರ್ ಖಾಲಿ ಆಗಲಿಲ್ಲ. ಡಡ್ಲಿ ಹೈಸ್ಕೂಲಿನ ಮಕ್ಕಳು ಬಂದು ಕೂತರು.

"ನೀವೂ ಕೂತಿದ್ರಾ?" ಅಂತ ಕೇಳಿದೆ.

"ಎರಡು ಸಲ. ಕಾಲು ನಡುಗುತ್ತಿತ್ತು. ಸ್ಟೂಲಿನ ಮೇಲೆ ಕೂತಿದ್ದಕ್ಕೆ ಯಾರಿಗೂ ಕಾಣಲಿಲ್ಲ."

ನನ್ನ ತಟ್ಟೆಯಲ್ಲಿ ಜೋಳದ ಬ್ರೆಡ್ಡು, ಬೇಯಿಸಿದ ಸೊಪ್ಪು, ಅಲಸಂದೆ ಕಾಳು ಇತ್ತು. ಅಲಸಂದೆ ನೋಡಿ ನಾನು ನಮ್ಮ ಮನೆಯ ಬಸ್ಸಾರಿನ ಮಾತೆತ್ತಿದೆ. ಅಜ್ಜಿ ಕಣ್ಣರಳಿಸಿ ಕೇಳಿದರು. ಅಲಸಂದೆ ಹುಟ್ಟಿದ್ದು ಆಫ್ರಿಕಾದಲ್ಲಿ. ಗುಲಾಮರನ್ನು ತುಂಬಿ ತಂದ ಹಡಗುಗಳ ಕಾಲದಲ್ಲೇ ಅದು ಅಮೆರಿಕಕ್ಕೂ ಬಂತು. ನಮ್ಮ ಹೊಲಕ್ಕೆ ಅದಕ್ಕಿಂತ ಎಷ್ಟೋ ಹಿಂದೆಯೇ ಬಂದಿತ್ತು. ನಮ್ಮ ರಾಗಿಯ ತವರೂ ಆಫ್ರಿಕಾನೇ. ರಾಗಿ ಮುದ್ದೆ ಅಂದರೆ ಏನು ಅಂತ ಕೈಯಲ್ಲಿ ಉಂಡೆ ಕಟ್ಟಿ ತೋರಿಸಿದೆ. ಮೇಜಿನವರೆಲ್ಲ ನಕ್ಕರು, ಒಬ್ಬರು ಪೆನ್ನು ತೆಗೆದು ಹೆಸರು ಬರೆದುಕೊಂಡರು.

ಆಮೇಲೆ ಅಜ್ಜಿ ರಿಚ್ಮಂಡ್ ಬಗ್ಗೆ ಹೇಳಿದರು. ನಾಲ್ವರಲ್ಲಿ ಮೆಕೇನ್ ರಸಾಯನಶಾಸ್ತ್ರದ ಕೆಲಸ ಹಿಡಿದರು, ಮೆಕ್‌ನೀಲ್ ವಾಯುಪಡೆಯ ಮೀಸಲು ಪಡೆಯಲ್ಲಿ ಮೇಜರ್ ಜನರಲ್ ಆದರು. ರಿಚ್ಮಂಡ್‌ಗೆ ಪದವಿ ಮುಗಿಸಲೂ ಆಗಲಿಲ್ಲ. ಊರಲ್ಲಿ ಗಲಾಟೆ ಮಾಡುವವನು ಅನ್ನುವ ಹಣೆಪಟ್ಟಿ. ಒಳ್ಳೆ ಕೆಲಸ ಸಿಗಲಿಲ್ಲ. ಕೊನೆಗೆ ಕಸ ಗುಡಿಸುವ, ನೆಲ ಒರೆಸುವ ಕೆಲಸ ಮಾಡಿದರು. 1990ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿದ್ದು ಸತ್ತ ಮೇಲೆ. ಬೆಳಿಗ್ಗೆ ಹೆಸರು ಓದುವಾಗ ಅವರ ಹೆಸರಿಗೆ ಚಪ್ಪಾಳೆ ಜಾಸ್ತಿ ಹೊತ್ತು ಇದ್ದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಗೆದ್ದವರನ್ನು ನೆನೆಯುವ ಹಬ್ಬ ಎಲ್ಲ ಕಡೆ ಇದೆ. ಬೆಲೆ ತೆತ್ತವನನ್ನು ಮನೆ ಮಗನ ಹಾಗೆ ನೆನೆದು ಅಳುವ ಹಬ್ಬ ನಾನು ನೋಡಿದ್ದು ಅಲ್ಲೇ.

ಮಧ್ಯಾಹ್ನ ಗೆಳತಿಯ ಕಾರಿನಲ್ಲಿ ಪೇಟೆಗೆ ಹೋದೆವು. ವುಲ್ವರ್ತ್ ಅಂಗಡಿ ಈಗ ಮ್ಯೂಸಿಯಂ. 2010ರ ಫೆಬ್ರವರಿ 1ಕ್ಕೆ, ಸರಿಯಾಗಿ ಐವತ್ತು ವರ್ಷಕ್ಕೆ ಬಾಗಿಲು ತೆರೆದರು. ಕೌಂಟರ್ ಅದೇ ಜಾಗದಲ್ಲಿ ಇದೆ. ಸ್ಟೂಲುಗಳು ಸಾಲಾಗಿ ನಿಂತಿವೆ. ನಾನು ಏನೋ ಭಾರಿ ದೊಡ್ಡದು ಊಹಿಸಿಕೊಂಡು ಹೋಗಿದ್ದೆ. ನಮ್ಮ ಬಸ್ ಸ್ಟ್ಯಾಂಡ್ ಹೋಟೆಲುಗಳಲ್ಲಿ ಕೂರುವಂಥದ್ದೇ ಸಾಧಾರಣ ಸೀಟುಗಳು. ಇದರ ಮೇಲೆ ಕೂರಲು ಇಷ್ಟೆಲ್ಲ ಬೇಕಾಯಿತಾ ಅನ್ನಿಸಿ ಗಂಟಲು ಕಟ್ಟಿತು.

ಅಲ್ಲಿ ಇನ್ನೊಂದು ವಿಷಯ ತಿಳಿಯಿತು. 1960ರ ಜುಲೈ 25ರಂದು ಅಂಗಡಿಯವರು ಸೋತು ಒಪ್ಪಿಕೊಂಡರು. ಆವತ್ತು ಆ ಕೌಂಟರಿನಲ್ಲಿ ಮೊದಲು ಕೂತು ಉಂಡ ಕಪ್ಪು ಜನ ಯಾರು ಗೊತ್ತಾ? ಅದೇ ಅಂಗಡಿಯ ಕೆಲಸದವರು. ಜೆನೀವಾ ಟಿಸ್ಡೇಲ್ ಅನ್ನುವ ಹೆಂಗಸು ಅವರಲ್ಲಿ ಒಬ್ಬರು. ದಿನಾ ಅಲ್ಲಿ ಊಟ, ತಿಂಡಿ ತಯಾರು ಮಾಡುತ್ತಿದ್ದವರು, ಎಂಜಲು ತಟ್ಟೆ ಎತ್ತುತ್ತಿದ್ದವರು. ಅವರ ಕೈಯ ಅಡುಗೆ ಆಗುತ್ತಿತ್ತು, ಅವರು ಕೂರುವುದು ಆಗುತ್ತಿರಲಿಲ್ಲ. ಆ ಫಲಕದ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ, ಗೆಳತಿ ಬಂದು ಕೈ ಹಿಡಿದಳು.

ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಿಗ್ಗೆ ಎಂಟು. ಶಾಲೆಗೆ ಹೊರಡುವ ಹೊತ್ತು. ಹಿಂದೆ ಕುಕ್ಕರ್ ಸದ್ದು ಕೇಳುತ್ತಿತ್ತು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಪ್ಪ ನಡುವೆ ಮಾತಾಡಲಿಲ್ಲ. ಕೊನೆಗೆ ಕೇಳಿದರು, "ಅವ್ರಿಗೆ ಕಾಫಿ ಕೊಟ್ರಾ ಇಲ್ವಾ?"

"ಕೊಟ್ರು ಅಪ್ಪ, ಆರು ತಿಂಗಳಾದ್ಮೇಲೆ. ಆದ್ರೆ ಮೊದ್ಲು ಕೂರ್ಸಿ ಬಡಿಸಿದ್ದು ಅಲ್ಲಿ ಅಡುಗೆ ಮಾಡ್ತಿದ್ದವ್ರಿಗೆ."

ಸ್ವಲ್ಪ ಹೊತ್ತು ಬರೀ ಕುಕ್ಕರ್ ಸದ್ದು. ಆಮೇಲೆ ಅಪ್ಪ ನಿಧಾನಕ್ಕೆ ಹೇಳಿದರು. ಅವರು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನಜ್ಜಿ ಸಂತೆಗೆ ಕರೆದುಕೊಂಡು ಹೋಗುತ್ತಿದ್ದಳಂತೆ. ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ನಮ್ಮವರಿಗೆ ಅಂತ ಬೇರೆ ಲೋಟ ಇಟ್ಟಿರುತ್ತಿದ್ದರು. ತಗೊಂಡು ಸೂರಿನ ಕೆಳಗೆ ನಿಲ್ಲಬೇಕು. ಮೇಲಿಂದ ಕಾಫಿ ಹುಯ್ಯುತ್ತಾರೆ. ಕುಡಿದು, ತೊಳೆದು, ಅದೇ ಗೂಡಿನಲ್ಲಿ ಇಡಬೇಕು. ಅಜ್ಜಿ ವರ್ಷವೆಲ್ಲ ತೋಟದಲ್ಲಿ ದುಡಿಯುತ್ತಿದ್ದವಳು. ಕುಯ್ಲಿನ ಕಾಲದಲ್ಲಿ ಅವಳ ಬೆರಳ ಸಂದಿಯೆಲ್ಲ ಕಾಫಿ ಹಣ್ಣಿನ ಅಂಟು.

"ನಿಮ್ಮಜ್ಜಿ ಕುಯ್ದ ಕಾಫಿನೇ ಇರ್ಬೇಕು ಕಣವ್ವ ಅದು," ಅಂದರು.

ನನಗೆ ಇಪ್ಪತ್ತನಾಲ್ಕು ವರ್ಷ. ಅಪ್ಪ ಈ ಮಾತು ಹೇಳಿದ್ದು ಅದೇ ಮೊದಲು.

"ಆ ಸ್ಟೂಲು ಈಗ್ಲೂ ಅಲ್ಲೇ ಇದ್ಯಾ?"

"ಇದೆ ಅಪ್ಪ. ಅದೇ ಜಾಗದಲ್ಲಿ."

"ನಿನ್ ಕಾನ್ವೊಕೇಶನ್ನಿಗೆ ಬಂದಾಗ ಕರ್ಕೊಂಡೋಗು," ಅಂದರು. ಬಸ್ಸಿಗೆ ಹೊತ್ತಾಯಿತು ಅಂತ ಫೋನ್ ಇಟ್ಟರು.