ಅಪ್ಪನ ಡೈರಿ: 61ನೇ ಪುಟದಿಂದ ಮತ್ತೆ ಶುರು

ಅಪ್ಪನ 1983ರ ಡೈರಿ ಟೈಪ್ ಮಾಡಲು ಕೂತು ಇದು ನಾಲ್ಕನೇ ತಿಂಗಳು. ಈ ಸಲ ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದೇ ಜಾಸ್ತಿ.

ಅಪ್ಪನ ಅಕ್ಷರ ಅಂದರೆ ಇರುವೆ ಸಾಲು. ಅದಕ್ಕೇ ಪುಟದ ಫೋಟೊ ತೆಗೆದು ಎಐಗೆ ಕೊಡುತ್ತಿದ್ದೆ. 60ನೇ ಪುಟದಲ್ಲಿ 'ಮೈ.ತು. 1, ಸು. 1, ನೀ. 100' ಅಂತಿತ್ತು. ಅಂಗಡಿ ಲೆಕ್ಕ ಅಂದುಕೊಂಡೆ. ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂತ ಎಐ ಬಿಡಿಸಿ ಹೇಳಿತು. ತೋಟದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯದೇ ಹೋಯಿತಲ್ಲ ಅಂತ ನಾಚಿಕೆಯಾಯಿತು. ಅಲ್ಲಿಂದ ನಂಬಿಕೆ ಕುದುರಿ, ಎಐ ಓದಿದ್ದನ್ನು ಡೈರಿ ಜೊತೆ ಹೋಲಿಸಿ ನೋಡುವುದನ್ನೇ ಬಿಟ್ಟೆ.

ಆದ ಪುಟಗಳನ್ನು ಮನೆಯವರ ವಾಟ್ಸ್‌ಆಪ್ ಗುಂಪಿಗೆ ಹಾಕುತ್ತಿದ್ದೆ. ಒಂದು ರಾತ್ರಿ ಚಿಕ್ಕಪ್ಪನ ಫೋನ್. "ಅಲ್ಲ ಮಾರಾಯ, ಅಣ್ಣ ಆ ವರ್ಷ ತೋಟ ಮಾರೋಕೆ ಹೊರಟಿದ್ನಾ? 'ಕೊನೆಯ ಕೊಯ್ಲು ಮುಗಿಯಿತು' ಅಂತ ಬರೆದಿದಾನಲ್ಲ!"

ಡೈರಿ ತೆಗೆದು ನೋಡಿದರೆ ಅಲ್ಲಿರುವುದು 'ಕೊನೆಕೊಯ್ಲು'. ನಮ್ಮ ಕಡೆ ಕೊನೆ ಅಂದರೆ ಅಡಿಕೆ ಗೊನೆ. ಎಐ ಅದನ್ನು ತಪ್ಪು ಅಂದುಕೊಂಡು ತಿದ್ದಿತ್ತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಅದರ ಕೈಯಲ್ಲಿ ಕೆಂಚೇಗೌಡ ಆಗಿದ್ದ. ಹನ್ನೊಂದು ಪುಟಗಳಲ್ಲಿ ಈ ಕೆಂಚೇಗೌಡ ಊಟಕ್ಕೆ ಬಂದಿದ್ದಾನೆ, ಮುಂಗಡ ಇಸ್ಕೊಂಡಿದ್ದಾನೆ!

ಎಐ ಕೈಲಿ ಓದಿಸುತ್ತಿದ್ದೇನೆ ಅಂತ ಚಿಕ್ಕಪ್ಪನಿಗೆ ಆಗಲೇ ಹೇಳಿಬಿಟ್ಟೆ. ಅಕ್ಕನಿಗೆ ಹೇಳುವುದು ಕಷ್ಟವಾಯಿತು. 'ಅಪ್ಪನ ಮೌನಕ್ಕೂ ಒಂದು ಕೈಬರಹವಿತ್ತು' ಅಂತ ಮುನ್ನುಡಿಯಲ್ಲೊಂದು ಸಾಲಿತ್ತು. ಅದನ್ನು ಓದಿ ಅವಳು ಅತ್ತಿದ್ದಳು. ಆ ಸಾಲು ನನ್ನದಲ್ಲ, ಎಐ ಬರೆದದ್ದು. "ಗೊತ್ತಿತ್ತು ಬಿಡೋ, ನೀನು ಅಷ್ಟು ಚೆಂದ ಯಾವಾಗ ಬರೆದಿದ್ದೆ?" ಅಂದಳು. ಹಾಗಂದವಳು ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ.

ಈಗ 61ನೇ ಪುಟದಿಂದ ಮತ್ತೆ ಶುರು ಮಾಡಿ, ಎಐ ಊಹಿಸಿದ ಪದಗಳನ್ನು ಚೌಕ ಕಂಸದೊಳಗೆ ಹಾಕುತ್ತೇನೆ. ಇಬ್ಬರಿಗೂ ತಿಳಿಯದಿದ್ದರೆ ಜಾಗ ಖಾಲಿ. ನನ್ನ ಟಿಪ್ಪಣಿಗಳ ಕಾಗುಣಿತ ತಿದ್ದಿಸಿದರೂ ಪುಟದ ಕೆಳಗೆ ಒಂದು ಸಾಲು ಬರೆದಿಡುತ್ತೇನೆ. ಮುನ್ನುಡಿ ಕಿತ್ತು ಹಾಕಿ ನಾನೇ ಬರೆದೆ. ಆರಿದ ಚಪಾತಿ ಥರ ಇದೆ, ಇರಲಿ.

ನಿನ್ನೆಗೆ 84ನೇ ಪುಟ. ಅದರಲ್ಲಿ ಎರಡು ಪದ ಇನ್ನೂ ಖಾಲಿ. ಭಾನುವಾರ ಚಿಕ್ಕಪ್ಪ ಬರುತ್ತಾರೆ, ಹೊಸ ಕನ್ನಡಕ ಮಾಡಿಸಿದ್ದಾರಂತೆ.