ಮೇಷ್ಟ್ರ ಜರಡಿ

ಪ್ರಾಣಿಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಬ್ಯಾಚಿನವರಿಗೆಲ್ಲ ಮೊದಲು ನೆನಪಾದದ್ದು ಅವರ ಒಂದು ಮಿ.ಮೀ. ಕಣ್ಣಿನ ಜರಡಿ. ಪಠ್ಯದಲ್ಲಿ ಏನಿತ್ತೋ, ಯಾರಿಗೂ ನೆನಪಿಲ್ಲ.

ಮೇಷ್ಟ್ರ ಬಾಯಲ್ಲಿ ಸದಾ ಇದ್ದ ಹೆಸರು ಎ.ಜೆ.ಟಿ. ಜಾನ್‌ಸಿಂಗ್ ಅವರದು. ಶಿವಕಾಶಿಯ ಕಾಲೇಜಿನಲ್ಲಿ ಇದೇ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವರು, 1976ರಿಂದ 78ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳ ಬೆನ್ನುಹತ್ತಿ ಅಧ್ಯಯನ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮುನ್ನ ಇದೇ ಪ್ರಾಣಿಯನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು! ಮುಂದೆ 1985ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ, 2005ರಲ್ಲಿ ನಿವೃತ್ತರಾಗುವವರೆಗೂ ಅರಣ್ಯಾಧಿಕಾರಿಗಳನ್ನು, ಸಂಶೋಧಕರನ್ನು ಕಾಡಿನಲ್ಲಿ ನಡೆಸಿಯೇ ಕಲಿಸಿದರು. ಆನೆಗಳಿಗಾಗಿ ಗಂಗೆಯ ದಡದ ಚಿಲ್ಲಾ–ಮೋತಿಚೂರ್ ಹಾದಿ ಉಳಿಯಬೇಕೆಂದು ವಾದಿಸಿದರು. 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಕಾಡುಪ್ರಾಣಿಗಳನ್ನು ಅರಿಯುವ ಆ ವಿದ್ಯೆಯ ಬುಡ, ಅವು ಏನು ತಿಂದಿವೆ ಎಂದು ತಿಳಿಯಲು ಹಿಕ್ಕೆ ತೊಳೆಯುವುದರಲ್ಲಿದೆ ಎಂದು ಮೇಷ್ಟ್ರು ನಂಬಿದ್ದರು. ಕೈಗವಸು, ಮುಖಗವಸು ಕಡ್ಡಾಯ. ಲಾಡಿಹುಳುವಿನ ಮೊಟ್ಟೆಗಳ ಭಯ. ಸಿಕ್ಕ ಜಾಗ, ತಾರೀಖು ಮೊದಲೇ ಬರೆಯಬೇಕು. ಕವಲುದಾರಿಯಲ್ಲಿ ಹತ್ತಾರು ಹಿಕ್ಕೆ ಒಟ್ಟಿಗಿದ್ದರೆ ಸೀಳುನಾಯಿಯದಿರಬಹುದು. ಒಂಟಿಯಾಗಿ ಬಿದ್ದಿದ್ದರೆ ಚಿರತೆಯದೂ ಆಗಬಹುದು, ಹೆಜ್ಜೆ ಗುರುತು ನೋಡದೆ ಹೆಸರಿಡಬಾರದು. ಒಣಗಿಸಿ, ನೆನೆಸಿ, ಜರಡಿಯಲ್ಲಿ ಹರಿಯುವ ನೀರಿಗೆ ಹಿಡಿದರೆ ಕೂದಲು, ಗೊರಸು, ಮೂಳೆಚೂರು ಉಳಿಯುತ್ತವೆ. ಕಣ್ಣಿಗೆ ಬಿದ್ದದ್ದನ್ನಲ್ಲ, ಆಯ್ಕೆ ಮಾಡದೆ 20 ಕೂದಲು ತೆಗೆದು ಸೂಕ್ಷ್ಮದರ್ಶಕಕ್ಕೆ ಇಡಬೇಕು. ಜಿಂಕೆಯ ಕೂದಲಿನ ತಿರುಳು ಅಗಲ ತುಂಬಿ ಜೇನುಗೂಡಿನಂತೆ ಕಾಣುತ್ತದೆ. ಆದರೆ ಜಿಂಕೆಯೋ ಕಡವೆಯೋ ಎನ್ನಲು ಗೊತ್ತಿರುವ ಪ್ರಾಣಿಗಳ ಕೂದಲಿನ ಸ್ಲೈಡ್ ಪಕ್ಕದಲ್ಲಿರಲೇಬೇಕು. ಇನ್ನೊಂದು ಮೋಸವಿದೆ: ಚಿಕ್ಕ ಪ್ರಾಣಿಯ ಮಾಂಸಕ್ಕೆ ಹೋಲಿಸಿದರೆ ಕೂದಲೇ ಹೆಚ್ಚು. ಹಿಕ್ಕೆಗಳನ್ನಷ್ಟೇ ಎಣಿಸಿದರೆ ಮೊಲದ ಪಾಲು ಉಬ್ಬಿ, ಕಡವೆಯದು ಕುಗ್ಗುತ್ತದೆ.

ಹಿಂದಿನ ಬೆಂಚಿನವರು ಒಮ್ಮೆ ಬೀದಿನಾಯಿಯದನ್ನು ತಂದು ‘ಸೀಳುನಾಯಿ’ ಎಂದು ಚೀಟಿ ಅಂಟಿಸಿದ್ದರು. ಜರಡಿಯಲ್ಲಿ ಉಳಿದದ್ದು ರಾಗಿ ತೌಡು, ಒಂದು ಪ್ಲಾಸ್ಟಿಕ್ ಚೂರು. ಮೇಷ್ಟ್ರು ಬೈಯಲಿಲ್ಲ. ‘ಕೂದಲು: ಇಲ್ಲ’ ಎಂದು ದಾಖಲೆ ಪುಸ್ತಕದಲ್ಲಿ ಬರೆದು ಅವರಿಂದಲೇ ಸಹಿ ಹಾಕಿಸಿದರು.

ಈಗಿನ ಮಕ್ಕಳಿಗೆ ಇದೆಲ್ಲ ಪರದೆಯ ಮೇಲಿನ ನಾಲ್ಕು ಚಿತ್ರಗಳಲ್ಲಿ ಮುಗಿಯುತ್ತದೆ. ಕೈ ಒದ್ದೆಯಾಗುವುದೇ ಇಲ್ಲ. ನಮ್ಮ ಬ್ಯಾಚಿನವರು ಇಂದಿಗೂ ಕಡವೆಯ ಕೂದಲನ್ನು ಗುರುತಿಸಬಲ್ಲರು, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೇಷ್ಟ್ರು ಮಾಡಿಟ್ಟ ಕೂದಲಿನ ಸ್ಲೈಡ್‌ಗಳ ಮರದ ಪೆಟ್ಟಿಗೆ ವಿಭಾಗದ ಬೀರುವಿನಲ್ಲೇ ಇದೆ. ಚೀಟಿಗಳ ಶಾಯಿ ಮಾಸುತ್ತಿದೆ. ಪೂರ್ತಿ ಅಳಿಸುವ ಮುನ್ನ ಯಾರಾದರೂ ತಿದ್ದಿ ಬರೆಯಿರಿ.